ಬಿಲ್ಲು ಯಾರ ಹೆಸರಿಗೆ?

ಕಳೆದ ಬೇಸಗೆಯಲ್ಲಿ ಕೊಪ್ಪದಲ್ಲಿ ನಮ್ಮ ಸಂಬಂಧಿಕರ ಮನೆಯ ಮದುವೆ. ಊಟ ಮುಗಿದ ಮೇಲೆ ಹೆಂಗಸರೆಲ್ಲ ಛತ್ರದ ಹಿಂದಿನ ಜಗಲಿಯಲ್ಲಿ ಎಲೆಯಡಿಕೆ ತಟ್ಟೆಯ ಸುತ್ತ ಕಾಲು ಚಾಚಿ ಕೂತಿದ್ದೆವು. ಗೋಡೆಯಾಚೆ ಗಂಡಸರ ಗುಂಪು. ಕಾಳುಮೆಣಸಿನ ದರ, ಅಡಿಕೆಯ ಎಲೆಚುಕ್ಕಿ ರೋಗ, ಕೆಲಸಕ್ಕೆ ಆಳು ಸಿಗದ ಕಷ್ಟ ಎಲ್ಲ ಮುಗಿದು ಮಾತು ಕೊನೆಗೆ ಅಲ್ಲಿಗೇ ಬಂದು ನಿಂತಿತು.

"ಈಗ ಹೊರಗೆ ಕೂತು ಎರಡು ಪೆಗ್ ಹಾಕೋದೂ ಕಷ್ಟ ಮಾರಾಯ್ರೆ. ರೇಟು ನೋಡಿದ್ರಾ? ರೇಟು ಬೆಂಗಳೂರಿಂದು, ಜಾಗ ಮಾತ್ರ ಕೊಟ್ಟಿಗೆ."

"ಹೌದು ಮಾರಾಯ, ಕ್ವಾಲಿಟಿ ಅನ್ನೋದೇ ಇಲ್ಲ."

ಈಚೆ ಕಡೆ ನಾವೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆವು. "ಪಾಪ, ಎಂಥ ಕಷ್ಟ ನೋಡಿ" ಎಂದರು ಒಬ್ಬರು. ನಾನೂ ನಕ್ಕೆ. ಆದರೆ ಸಂಜೆ ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮಾತು ತಲೆಯಿಂದ ಹೋಗಲಿಲ್ಲ. ಆ ಗಂಡಸರು ಹೇಳಿದ್ದು ಅಕ್ಷರಶಃ ನಿಜ. ಹೊರಗೆ ಕುಡಿಯುವುದು ದುಬಾರಿ, ಕುಡಿಯುವ ಜಾಗ ಕೊಳಕು. ಆದರೆ ಈ ದೂರನ್ನು ಹೇಳಬೇಕಾದವರು ಅವರಲ್ಲ, ನಾವು. ಏಕೆಂದರೆ ದುಡ್ಡು ಕೊಡುತ್ತಿರುವುದು ನಾವು. ದುಡ್ಡು ಕೊಟ್ಟವರಿಗೆ ಸಾಮಾನು ಹೇಗಿದೆ ಎಂದು ಕೇಳುವ ಹಕ್ಕಿಲ್ಲವೆ?

ನೀವು ಹುಬ್ಬೇರಿಸಬಹುದು. ಈ ಟೀಚರಿಗೆ ಬಾರಿನ ವಿಚಾರ ಯಾಕೆ ಎಂದು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ. ಒಂದು ಹನಿ ಮುಟ್ಟಿದವಳಲ್ಲ. ಬಸ್ಸಿಗೆ ಕಾಯುವಾಗ ಎದುರಿನ ಬೋರ್ಡು ಓದದ ಹಾಗೆ ಮುಖ ತಿರುಗಿಸಿ ನಿಲ್ಲುವುದನ್ನು ಚಿಕ್ಕಂದಿನಿಂದಲೂ ಕಲಿತವಳು. ಆದರೆ ಒಮ್ಮೆ ಒಳಗೆ ಹೋಗಿದ್ದೇನೆ. ಅದನ್ನು ಇವತ್ತಿನವರೆಗೆ ಎಲ್ಲೂ ಹೇಳಿರಲಿಲ್ಲ.

2016ರ ಜುಲೈ ತಿಂಗಳು, ಆಷಾಢದ ಮಳೆ. ರಾತ್ರಿ ಎಂಟೂವರೆಗೆ ತಮ್ಮನ ಹೆಂಡತಿಯ ಫೋನು ಬಂತು. ತಮ್ಮ ಬೆಳಿಗ್ಗೆ ಮಂಡಿಗೆ ಹೋದವನು ಬಂದಿಲ್ಲ. ಅಡಿಕೆ ಮೇಲೆ ಮುಂಗಡ ತಂದು, ನಾಳೆ ಮಗಳ ಕಾಲೇಜಿನ ಫೀಸು ಕಟ್ಟಬೇಕು. "ಅತ್ತಿಗೆ, ನೀವು ಪೇಟೆಯಲ್ಲಿದ್ದೀರಿ. ಒಂಚೂರು ನೋಡ್ತೀರಾ?" ಎಂದಳು. ಎಲ್ಲಿ ನೋಡಬೇಕು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಕಡೆ ಹೆಂಗಸರಿಗೆ ಈ ವಿಳಾಸ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಈ ಮೂರು ಊರುಗಳಲ್ಲಿ ಅದು ಯಾವ ಊರಿನ ಬಾರು ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಎರಡು ಊರಿನವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ.

ಬಾಗಿಲಿಗೆ ಕಂದು ಬಣ್ಣದ ಪರದೆ. ತಳ್ಳಿ ಒಳಗೆ ಹೋದರೆ ಕಣ್ಣು ಕಾಣುವುದಿಲ್ಲ. ಅಷ್ಟು ಕತ್ತಲೆ. ಪ್ಲೈವುಡ್ಡಿನ ಗೂಡುಗಳು, ಒಂದೊಂದು ಗೂಡಿಗೂ ಒಂದೊಂದು ಕೆಂಪು ಜೀರೋ ಬಲ್ಬು. ನೆಲ ಒದ್ದೆ. ಫಿನಾಯಿಲು, ಬೀಡಿ, ಕರಿದ ಎಣ್ಣೆ ಮೂರೂ ಕೂಡಿದ ಒಂದು ವಾಸನೆ. ಗೋಡೆಯಿಂದ ನೀರು ಜಿನುಗುತ್ತಿತ್ತು. ನಮ್ಮ ಮನೆಯ ದನದ ಕೊಟ್ಟಿಗೆಯಲ್ಲಿ ಇದಕ್ಕಿಂತ ಬೆಳಕಿದೆ, ಗಾಳಿಯಿದೆ. ಕೊಟ್ಟಿಗೆಯನ್ನು ದಿನಾ ಗುಡಿಸುತ್ತೇವೆ ಬೇರೆ. ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಓಡಿ ಬಂದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. "ಟೀಚರ್, ನೀವು ಇಲ್ಲಿಗೆಲ್ಲ ಬರಬಾರ್ದು" ಎಂದು ಅಳುವ ಮುಖ ಮಾಡಿ, ನನ್ನನ್ನು 'ಫ್ಯಾಮಿಲಿ ರೂಮ್' ಎಂದು ಬರೆದ ಇನ್ನೊಂದು ಗೂಡಿನಲ್ಲಿ ಕೂರಿಸಿದ. ಅಲ್ಲಿ ಖಾಲಿ ಬಾಟಲಿಯ ಕ್ರೇಟುಗಳನ್ನು ಪೇರಿಸಿಟ್ಟಿದ್ದರು. ಫ್ಯಾಮಿಲಿ ಎಂದೂ ಆ ಕಡೆ ಬಂದ ಲಕ್ಷಣವಿರಲಿಲ್ಲ.

ತಮ್ಮ ಮೂಲೆಯ ಗೂಡಿನಲ್ಲಿ ಮೇಜಿಗೆ ತಲೆಯಿಟ್ಟು ಮಲಗಿದ್ದ. ಬಿಲ್ಲು ನನ್ನ ಕೈಗೆ ಬಂತು. ನಾನು ಮೇಷ್ಟರ ಜಾತಿಯವಳು, ಯಾವ ಕಾಗದ ಕೈಗೆ ಬಂದರೂ ಕೂಡಿಸಿ ನೋಡುವವಳು. ಎರಡು ಕ್ವಾರ್ಟರು 300, ಎರಡು ಸೋಡ 40, ನೀರಿನ ಬಾಟಲಿ 30, ಚಿಲ್ಲಿ ಚಿಕನ್ 140, ಮೊಟ್ಟೆ ಬುರ್ಜಿ 60, ಸಿಗರೇಟು 40. ಕೂಡಿಸಿದರೆ 610. ಕೆಳಗೆ ಬರೆದದ್ದು 660. ಗಲ್ಲಾದ ಮೇಲೆ ಕೂತವನನ್ನು ಕೇಳಿದೆ. ಆತ ಮುಖ ಕೂಡ ಎತ್ತದೆ, "ಲೆಕ್ಕ ಕೇಳುವವರು ಇಲ್ಲಿಗೆ ಬರೋದಿಲ್ಲ ಟೀಚರ್" ಎಂದ. ಆಮೇಲೆ ಐವತ್ತು ರೂಪಾಯಿ ಕಡಿಮೆ ಮಾಡಿದ. ಆ 610 ರೂಪಾಯಿ, ತೋಟದ ಕೆಲಸಕ್ಕೆ ಹೋಗುವ ಹೆಂಗಸೊಬ್ಬಳ ಎರಡು ದಿನದ ಕೂಲಿಗಿಂತ ಹೆಚ್ಚು.

ನಾನು ಆ ರಾತ್ರಿ ಏನು ಮಾಡಿದೆ ಗೊತ್ತೆ? ದುಡ್ಡು ಕೊಟ್ಟೆ. ಆಟೋದವನಿಗೆ ಬಾಯಿ ಮುಚ್ಚಿಕೊಂಡಿರಲು ಇನ್ನೊಂದು ನೂರು ಕೊಟ್ಟೆ. ತಮ್ಮನ ಹೆಂಡತಿಗೆ "ಸಿಕ್ಕಿದ, ಸುಸ್ತಾಗಿದ್ದ" ಎಂದೆ. ಮರುದಿನ ಬೆಳಿಗ್ಗೆ ಎಂಟನೇ ತರಗತಿಗೆ ಲಾಭ ನಷ್ಟದ ಪಾಠ ಮಾಡಿದೆ. ಮಾನ ಉಳಿಯಿತು ಎಂದುಕೊಂಡೆ. ಈಗ ನೋಡಿದರೆ ಉಳಿದದ್ದು ಆ ಗಲ್ಲಾದವನ ಮಾನ. ಅವನ ಪರದೆ, ಅವನ ಕತ್ತಲೆ, ಅವನ ತಪ್ಪು ಲೆಕ್ಕ ಎಲ್ಲವೂ ನನ್ನ ಮೌನದಿಂದ ಭದ್ರವಾದವು.

ಹೀಗೆಂದ ಕೂಡಲೇ ಕೆಲವರು ಹೇಳುತ್ತಾರೆ: "ಇದಕ್ಕೆಲ್ಲ ಒಂದೇ ಮದ್ದು, ಪೂರ್ತಿ ನಿಷೇಧ." ಸಂವಿಧಾನದ 47ನೇ ವಿಧಿಯಲ್ಲಿ ಪಾನನಿಷೇಧಕ್ಕೆ ಸರ್ಕಾರ ಯತ್ನಿಸಬೇಕೆಂದು ಬರೆದೇ ಇದೆ. ಮಕ್ಕಳಿಗೆ ಪಾಠ ಮಾಡುವಾಗ ನಾನೇ ಓದಿ ಹೇಳಿದ್ದೇನೆ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಯನ್ನು ಎದುರಿಸಿ ನಿಂತರು. ಅವರಿಂದಾಗಿ 1993ರಲ್ಲಿ ಅಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ತಿ ನಿಷೇಧವೇ ಬಂತು. 1997ರಲ್ಲಿ ಅದೇ ಸರ್ಕಾರ ಬೊಕ್ಕಸ ಬರಿದಾಯಿತೆಂದು ನಿಷೇಧವನ್ನು ತೆಗೆದುಹಾಕಿತು. ನಮ್ಮಲ್ಲಿ 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಕೊಂಡು ಹೋದರು. ಆ ಅಕ್ಕಂದಿರ ಒಡೆದ ಹಿಮ್ಮಡಿಗಳಿಗೆ ನನ್ನ ನಮಸ್ಕಾರ. ಆದರೆ ನಮ್ಮ ರಾಜ್ಯ ಸಾರಾಯಿಯನ್ನು ನಿಲ್ಲಿಸಿದಾಗ ಏನಾಯಿತೆಂದು ನಾನು ಕಣ್ಣಾರೆ ಕಂಡಿದ್ದೇನೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್. ಆ ದಿನ ನಾವೆಲ್ಲ ಸಂತೋಷಪಟ್ಟೆವು. ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದವನು ಕುಡಿಯುವುದನ್ನು ಬಿಟ್ಟನೆ? ಸ್ವಲ್ಪ ದಿನ ಕಳ್ಳಭಟ್ಟಿಯ ಹಿಂದೆ ಹೋದ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಉಳಿದವನು ಮೆಲ್ಲಗೆ ವಿಸ್ಕಿಗೆ ಬಂದ. ಸಾರಾಯಿಯ ಪ್ಲಾಸ್ಟಿಕ್ ಪ್ಯಾಕೆಟ್ಟು ಹೋಗಿ ವಿಸ್ಕಿಯ ಟೆಟ್ರಾ ಪ್ಯಾಕೆಟ್ಟು ಬಂತು. ಗಂಡ ಅವನೇ, ಗಂಟಲು ಅದೇ, ದರ ಮಾತ್ರ ಮೇಲಕ್ಕೆ. ಹೆಂಡತಿಯ ಡಬ್ಬಿಯಿಂದ ದಿನಕ್ಕೆ ಹೋಗುತ್ತಿದ್ದ ದುಡ್ಡು ಹೆಚ್ಚಾಯಿತು. ನಿಷೇಧದಿಂದ ಬಡವನ ಕುಡಿತ ನಿಲ್ಲಲಿಲ್ಲ, ದುಬಾರಿಯಾಯಿತು ಅಷ್ಟೆ.

ಹೀಗೆ ದುಬಾರಿಯಾದ ದುಡ್ಡು ಎಲ್ಲಿಗೆ ಹೋಗುತ್ತದೆ? 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ ಸರ್ಕಾರದ ಪಾನೀಯ ನಿಗಮದ ಮೂಲಕವೇ. 2023ರ ಬಜೆಟ್ಟಿನಲ್ಲಿ ಮದ್ಯದ ಮೇಲಿನ ಹೆಚ್ಚುವರಿ ಸುಂಕವನ್ನು ಶೇಕಡ 20ರಷ್ಟು ಏರಿಸಿದರು. ಅಬಕಾರಿಯಿಂದ ಆ ವರ್ಷ 36,000 ಕೋಟಿ ಬರಬೇಕೆಂದು ಗುರಿ. 2025-26ಕ್ಕೆ ಆ ಗುರಿ 40,000 ಕೋಟಿ. 2024ರ ಆಗಸ್ಟಿನಲ್ಲಿ ನೆರೆಯ ರಾಜ್ಯಗಳ ದರಕ್ಕೆ ಹೊಂದಿಸಬೇಕೆಂದು ಶ್ರೀಮಂತರು ಕುಡಿಯುವ ಮದ್ಯದ ಸುಂಕ ಇಳಿಸಿದರು. 2025ರ ಮೇ ತಿಂಗಳಲ್ಲಿ ಕೂಲಿಯವನು ಕುಡಿಯುವ ಅಗ್ಗದ ಮದ್ಯದ ಸುಂಕ ಏರಿಸಿದರು. ಯಾರ ಹೆಂಡತಿಯ ಡಬ್ಬಿಗೆ ಕೈ ಹಾಕುವುದು ಸುಲಭ ಎಂದು ಲೆಕ್ಕ ಬಲ್ಲವರಿಗೆ ಗೊತ್ತು.

2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಎಂದು ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಯೋಜನೆ ಬಂತು. ಒಳ್ಳೆಯದೇ, ನಾನು ಆಡಿಕೊಳ್ಳುವವಳಲ್ಲ. ಆ ದುಡ್ಡಿನಲ್ಲಿ ಮಗುವಿಗೆ ಕನ್ನಡಕ ಹಾಕಿಸಿದವರನ್ನು ಬಲ್ಲೆ. ಅದಕ್ಕಾಗಿ ಸರ್ಕಾರ ವರ್ಷಕ್ಕೆ ತೆಗೆದಿಡುವುದು 28,000 ಕೋಟಿಗೂ ಹೆಚ್ಚು. ಪಕ್ಕದಲ್ಲಿ ಅಬಕಾರಿಯ 40,000 ಕೋಟಿ ಬರೆದು ನೋಡಿ. ಹೆಂಡತಿಯ ಖಾತೆಗೆ ಹಾಕಿದ್ದನ್ನು ಗಂಡನ ಗ್ಲಾಸಿನಿಂದ ವಸೂಲು ಮಾಡಿ ಮೇಲೆ ಬಡ್ಡಿಯನ್ನೂ ಇಟ್ಟುಕೊಂಡ ಹಾಗಾಗಲಿಲ್ಲವೆ? ನಾನು ಕಂಡ ಆ ಬಿಲ್ಲಿನ ದರದಲ್ಲೇ ಎರಡು ಸಾವಿರ ಮೂರು ಸಂಜೆಗೆ ಮುಗಿಯುತ್ತಿತ್ತು. ಇವತ್ತಿನ ದರಕ್ಕೆ ಮೂರು ಸಂಜೆಯೂ ಬಾಳದು.

ಇಷ್ಟು ದುಡ್ಡು ಎಣಿಸಿಕೊಳ್ಳುವ ಸರ್ಕಾರ ಆ ಜಾಗ ಹೇಗಿರಬೇಕೆಂದು ಎಂದಾದರೂ ಕೇಳಿತೆ? ಅಳತೆ ಹಾಕಿದ್ದುಂಟು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದಿತು. ಮುಂದೆ 20,000ಕ್ಕಿಂತ ಕಡಿಮೆ ಜನರಿರುವ ನಮ್ಮಂಥ ಊರುಗಳಿಗೆ ಅದನ್ನು 220 ಮೀಟರ್ ಮಾಡಿದರು. ಆಮೇಲೆ ಪೇಟೆಯ ಎಲ್ಲೆಯೊಳಗೆ ಅದೂ ಸಡಿಲವಾಯಿತು. ಎಲ್ಲ ದೂರದ ಅಳತೆ. ಒಳಗೆ ಎಷ್ಟು ಬೆಳಕಿರಬೇಕು, ದರ ಎಲ್ಲಿ ಬರೆದಿರಬೇಕು, ಕುಡಿದವನು ಮನೆಗೆ ಹೇಗೆ ಹೋಗಬೇಕು ಎಂಬುದನ್ನು ಯಾವ ಟೇಪು ಹಿಡಿದು ಅಳೆಯುತ್ತೀರಿ? 1992ರಿಂದ ವರ್ಷಗಟ್ಟಲೆ ವೈನ್ ಶಾಪಿಗೂ ಬಾರಿಗೂ ಹೊಸ ಲೈಸೆನ್ಸು ಕೊಡದೆ ಹಳೆಯ ಲೈಸೆನ್ಸಿಗೇ ಚಿನ್ನದ ಬೆಲೆ ಬಂತು. ಲೈಸೆನ್ಸು ಇದ್ದವನಿಗೆ ಗಿರಾಕಿ ಬಂದೇ ಬರುತ್ತಾನೆ. ಅವನು ಸುಣ್ಣ ಯಾಕೆ ಹೊಡೆಸಬೇಕು, ನೆಲ ಯಾಕೆ ಒರೆಸಬೇಕು?

ಇನ್ನೊಂದು ಮಾತು ಕೇಳುತ್ತೇನೆ. "ಇದೆಲ್ಲ ಈಗಿನ ಪಬ್ಬು ಸಂಸ್ಕೃತಿಯಿಂದ ಬಂದದ್ದು, ಹುಡುಗಿಯರೂ ಕೆಟ್ಟರು" ಎಂದು. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1936ರಲ್ಲಿ ಪ್ರಕಟಿಸಿದ 'ಕಾನೂರು ಹೆಗ್ಗಡಿತಿ'ಯನ್ನು ಓದಿದವರಿಗೆ ಕಳ್ಳು ಸಾರಾಯಿ ಮಲೆನಾಡಿಗೆ ಎಷ್ಟು ಹಳೆಯ ನೆಂಟರೆಂದು ಗೊತ್ತು. ಆಗ ಪಬ್ಬು ಎಲ್ಲಿತ್ತು? 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ಗುಂಪೊಂದು ನುಗ್ಗಿ ಹುಡುಗಿಯರನ್ನು ಹೊಡೆದು ಓಡಿಸಿದ್ದನ್ನು ದೇಶವೇ ಟಿ.ವಿ.ಯಲ್ಲಿ ನೋಡಿತು. 2018ರಲ್ಲಿ ಆರೋಪಿಗಳೆಲ್ಲ ಸಾಕ್ಷ್ಯ ಸಾಲದೆಂದು ಬಿಡುಗಡೆಯಾದರು. ಆ ಹುಡುಗಿಯರು ಯಾರ ಮನೆಯ ಫೀಸಿನ ದುಡ್ಡನ್ನೂ ಕುಡಿದಿರಲಿಲ್ಲ. ನಮ್ಮೂರಿನ ಪರದೆಯ ಹಿಂದೆ ಮೂವತ್ತು ವರ್ಷದಿಂದ ಫೀಸಿನ ದುಡ್ಡು, ಬಳೆಯ ದುಡ್ಡು, ಔಷಧದ ದುಡ್ಡು ಕರಗುತ್ತಿದೆ. ಸಂಸ್ಕೃತಿ ಕಾಯುವವರು ಯಾರೂ ಆ ಪರದೆ ಸರಿಸಿ ನೋಡಲಿಲ್ಲ.

"ಎಲ್ಲರೂ ಕುಡಿಯುತ್ತಾರೆ ಬಿಡಿ" ಎನ್ನುವವರೂ ಇದ್ದಾರೆ. ಎಲ್ಲರೂ ಎಂದರೆ ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹದಿನೈದು ದಾಟಿದ ಗಂಡಸರಲ್ಲಿ ಕುಡಿಯುವವರು ನೂರಕ್ಕೆ ಸುಮಾರು 19, ಹೆಂಗಸರಲ್ಲಿ ನೂರಕ್ಕೆ ಒಬ್ಬರು. ನೂರರಲ್ಲಿ ಎಂಬತ್ತು ಗಂಡಸರು ಕುಡಿಯದೆಯೇ ಬದುಕುತ್ತಿದ್ದಾರೆ. "ತೋಟಕ್ಕೆ ರೋಗ ಬಂತು, ಆ ಬೇಸರಕ್ಕೆ ಕುಡಿದ" ಎಂದು ನಮ್ಮ ತಮ್ಮನ ಬಗ್ಗೆಯೂ ಹೇಳಿದರು. ಶೃಂಗೇರಿ ಕೊಪ್ಪದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ, ಸುಳ್ಳಲ್ಲ. ಆದರೆ ಅದೇ ತೋಟದಲ್ಲಿ ಅಡಿಕೆ ಸುಲಿಯುವ ಹೆಂಗಸಿಗೆ ಆ ಬೇಸರ ಬರಲಿಲ್ಲವೆ? ಅವಳು ಬೇಸರವನ್ನು ಯಾವ ಗೂಡಿನಲ್ಲಿ ಕೂತು ಕಳೆಯಬೇಕು?

ಈ ಪ್ರಶ್ನೆಗೆ ಉತ್ತರದ ಒಂದು ತುಂಡು ನನಗೆ ಸಿಕ್ಕಿದ್ದು ಬಹಳ ದೂರದಿಂದ. ನರಸಿಂಹರಾಜಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಐರ್ಲೆಂಡಿನ ಡಬ್ಲಿನ್ನಿನಲ್ಲಿ ನರ್ಸು. ಹೋದ ವರ್ಷ ರಜೆಯಲ್ಲಿ ಬಂದವಳು ನಮ್ಮ ಮನೆಗೂ ಬಂದಿದ್ದಳು. ಕುಡಿತಕ್ಕೆ ಹೆಸರಾದ ದೇಶ ಅದು. ಅಲ್ಲಿನ ಬಾರುಗಳು ಹೇಗಿರುತ್ತವೆ ಹೇಳೇ ಎಂದೆ. ಅವಳು ನಕ್ಕು, "ಅಲ್ಲಿಯವರೂ ದಿನಾ ಬೈತಾರೆ ಟೀಚರ್, ರೇಟು ಜಾಸ್ತಿ ಆಯ್ತು ಅಂತ" ಎಂದಳು. 2022ರ ಜನವರಿಯಿಂದ ಅಲ್ಲಿ ಇಷ್ಟು ಮದ್ಯಾಂಶಕ್ಕೆ ಇಷ್ಟಕ್ಕಿಂತ ಕಡಿಮೆ ದರದಲ್ಲಿ ಮಾರಕೂಡದೆಂದು ಕಾನೂನು ಬಂದಿದೆ. ಪಬ್ಬಿನ ಬಾಗಿಲಲ್ಲೇ ದರಪಟ್ಟಿ ಇರಬೇಕು. 2004ರಿಂದ ಒಳಗೆ ಸಿಗರೇಟು ಸೇದುವಂತಿಲ್ಲ. ದೀಪವಿರುತ್ತದೆ, ಮುದುಕಿಯರೂ ಬಂದು ಚಹ ಕುಡಿದು ಹೋಗುತ್ತಾರೆ, ಮೂಲೆಯಲ್ಲಿ ಯಾರೋ ಪಿಟೀಲು ನುಡಿಸುತ್ತಿರುತ್ತಾರೆ ಎಂದಳು.

"ಹಾಗಾದರೆ ಅಲ್ಲಿ ಎಲ್ಲ ಸರಿಯಿದೆಯೋ?" ಎಂದೆ.

"ಎಲ್ಲಿಂದ ಸರಿ ಟೀಚರ್! ಶನಿವಾರ ರಾತ್ರಿ ನಮ್ಮ ಎಮರ್ಜೆನ್ಸಿ ವಾರ್ಡಿಗೆ ಬಂದು ನೋಡಿ. ವಾಂತಿ ಬಳಿದು ಬಳಿದು ಸಾಕಾಗುತ್ತೆ."

ಅವಳು ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿಯಿತು. ಹಿಂದೆ ಅಲ್ಲಿಯೂ ಪಬ್ಬಿನಲ್ಲಿ ಹೆಂಗಸರಿಗೆಂದು ಮರೆಮಾಡಿದ ಒಂದು ಸಣ್ಣ ಕೋಣೆ ಇರುತ್ತಿತ್ತಂತೆ. ಹೆಂಗಸು ಕೇಳಿದರೆ ಬಿಯರಿನ ದೊಡ್ಡ ಗ್ಲಾಸು ಕೊಡುವುದಿಲ್ಲ ಎನ್ನುತ್ತಿದ್ದರಂತೆ. ಜಗಳ ಮಾಡಿ ಮಾಡಿ, ಕೊನೆಗೆ 2000ದಲ್ಲಿ ಬಂದ ಸಮಾನತೆಯ ಕಾನೂನಿನಿಂದ ಹಾಗೆ ನಿರಾಕರಿಸುವುದು ತಪ್ಪಾಯಿತು. ನಮ್ಮ ಫ್ಯಾಮಿಲಿ ರೂಮಿನ ಕ್ರೇಟುಗಳು ನನಗೆ ನೆನಪಾದವು. ನನಗೆ ಬಿಯರಿನ ಗ್ಲಾಸು ಬೇಡ. ಆದರೆ ಊರಿನ ಯಾವ ಜಾಗದಲ್ಲಿ ಹೆಂಗಸು ಕಾಲಿಡುವಂತಿಲ್ಲವೋ ಆ ಜಾಗ ಕೊಳೆಯುತ್ತದೆ ಎಂಬುದು ಅಲ್ಲಿಗೂ ಒಂದೇ, ಇಲ್ಲಿಗೂ ಒಂದೇ.

ಈಗ ನಮ್ಮ ಊರಿನ ರಾತ್ರಿಯನ್ನು ನೋಡಿ. ಶೃಂಗೇರಿಯಲ್ಲಿ ಶಾರದಾಂಬೆಯ ಸನ್ನಿಧಿಯ ಭೋಜನಶಾಲೆಯಲ್ಲಿ ಸಾವಿರಾರು ಜನ ಒಟ್ಟಿಗೆ ಬೆಳಕಿನಲ್ಲಿ ಕೂತು ಊಟ ಮಾಡಿ ಎದ್ದು ಹೋಗುತ್ತಾರೆ. ದುಡ್ಡಿಲ್ಲ, ಗದ್ದಲವಿಲ್ಲ, ಚೊಕ್ಕಟ. ನಮಗೆ ಜಾಗವನ್ನು ಶುದ್ಧವಾಗಿಡಲು ಬರುವುದಿಲ್ಲ ಎಂದಲ್ಲ. ಆದರೆ ದೇವಸ್ಥಾನ ಬಿಟ್ಟರೆ ಈ ಮೂರು ಊರುಗಳಲ್ಲಿ ಸಂಜೆ ಕಳೆಯಲು ಏನಿದೆ? ಲೈಬ್ರರಿ ಬೇಗ ಬಾಗಿಲು ಹಾಕುತ್ತದೆ. ಕಾಫಿ ಹೋಟೆಲಿನವನು ಎಂಟಕ್ಕೆ ಬೆಂಚು ಮೇಲೆತ್ತುತ್ತಾನೆ. ನಾನು ಹುಡುಗಿಯಾಗಿದ್ದಾಗ ಬೇಸಗೆಯಲ್ಲಿ ಗದ್ದೆಬಯಲಿನಲ್ಲಿ ಯಕ್ಷಗಾನದ ಟೆಂಟು ಏಳುತ್ತಿತ್ತು. ಚಾಪೆ, ಚಕ್ಕುಲಿ, ಫ್ಲಾಸ್ಕಿನ ಕಾಫಿ ಕಟ್ಟಿಕೊಂಡು ಅಜ್ಜಿಯಿಂದ ಮೊಮ್ಮಗುವಿನ ತನಕ ಬೆಳಗಾಗುವವರೆಗೆ ಕೂರುತ್ತಿದ್ದೆವು. ಕುಡಿದವರು ಅಲ್ಲಿಗೂ ಬರುತ್ತಿದ್ದರು. ಆದರೆ ನಮ್ಮ ಕಣ್ಣೆದುರಿಗೆ ಬರುತ್ತಿದ್ದರು. ಅಜ್ಜಿಯೊಬ್ಬಳು "ಕೂತ್ಕಳೋ ಮಾರಾಯ" ಎಂದು ಗದರಿದರೆ ತಲೆ ತಗ್ಗಿಸಿ ಕೂರುತ್ತಿದ್ದರು. ಈಗ ಆಟವೂ ಅಪರೂಪ, ಅಜ್ಜಿಯೂ ಧಾರಾವಾಹಿಯ ಮುಂದೆ. ಸಂಜೆ ಆರರ ಮೇಲೆ ನಮ್ಮ ಊರು ಗಂಡಸಿಗೆ ಬಾರನ್ನು ಬಿಟ್ಟು ಬೇರೇನೂ ಕೊಡುವುದಿಲ್ಲ. ಹೆಂಗಸಿಗೆ ಆ ಬಾರಿನ ಬಿಲ್ಲನ್ನು ಬಿಟ್ಟು ಬೇರೇನೂ ಕೊಡುವುದಿಲ್ಲ.

ಇದು ನನಗೆ ಗೊತ್ತಾದದ್ದು ತಮ್ಮನಿಂದಲೇ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಕ್ಕೆ ಅವನನ್ನು ಸೇರಿಸಿದೆವು. ಬಿಟ್ಟ. ನಿಜವಾಗಿ ಬಿಟ್ಟ. ಎಂಟು ತಿಂಗಳು ಮುಖದಲ್ಲಿ ಕಳೆ ಬಂತು, ಮಗಳ ಜೊತೆ ಕೂತು ಉಂಡ. ಒಂದು ದಿನ ನನ್ನ ಹತ್ತಿರ ಹೇಳಿದ: "ಅಕ್ಕ, ಬೆಳಿಗ್ಗೆಯಿಂದ ಸಂಜೆಯವರೆಗೆ ತೊಂದರೆ ಇಲ್ಲ. ಆರು ಗಂಟೆಗೆ ಪೇಟೆಯಲ್ಲಿ ಎಲ್ಲಿ ನಿಲ್ಲೋದು ಅಂತ ಗೊತ್ತಾಗೋದಿಲ್ಲ. ಮಾತಾಡೋರೆಲ್ಲ ಒಳಗೆ ಕೂತಿರ್ತಾರೆ." ನಾನು, ಬಿ.ಎ. ಬಿ.ಎಡ್. ಮಾಡಿದವಳು, ಅದಕ್ಕೆ "ಮನೆಗೆ ಹೋಗು, ದೇವರ ನಾಮ ಕೇಳು" ಎಂದೆ. ಆ ಉತ್ತರಕ್ಕೆ ಇವತ್ತಿಗೂ ನಾಚುತ್ತೇನೆ. ಅವನು ಮತ್ತೆ ಪರದೆ ಸರಿಸಿ ಒಳಗೆ ಹೋದ. 2018ರ ಮಳೆಗಾಲದಲ್ಲಿ ಒಂದು ರಾತ್ರಿ ಬಾರಿನಿಂದ ಬೈಕಿನಲ್ಲಿ ಹೊರಟವನು ತಿರುವಿನ ಮೋರಿಯಲ್ಲಿ ಬೆಳಿಗ್ಗೆ ಸಿಕ್ಕಿದ. ಬಾರಿನ ಮುಂದೆ ಬೈಕು ನಿಲ್ಲಿಸಲು ಹತ್ತು ಜನರ ಜಾಗವಿದೆ, ಆ ಹೊತ್ತಿಗೆ ಹಳ್ಳಿಗೆ ಒಂದೂ ಬಸ್ಸಿಲ್ಲ. ಕುಡಿದು ಗಾಡಿ ಓಡಿಸಿದರೆ 2019ರಿಂದ ಮೊದಲ ಸಲಕ್ಕೇ ಹತ್ತು ಸಾವಿರ ದಂಡವಿದೆ. ದಂಡ ಕುಡಿದವನಿಗೆ. ಬೈಕಿನ ಕೀ ಅವನ ಕೈಯಲ್ಲಿ ನೋಡಿಯೂ ಮೂರನೆಯ ಪೆಗ್ ಸುರಿದವನಿಗೆ ಯಾರೂ ಏನೂ ಕೇಳುವುದಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಆ ಹಳೆಯ ವಿದ್ಯಾರ್ಥಿ ಹುಡುಗ ತಲೆ ತಗ್ಗಿಸಿಕೊಂಡು ಒಂದು ನೋಟ್‌ಬುಕ್ಕು ತಂದ. ಸಾಲದ ಖಾತೆ. ತಮ್ಮನ ಹೆಸರಿನ ಪುಟದಲ್ಲಿ 14,350 ರೂಪಾಯಿ ಬಾಕಿ. ಕೊಡಬೇಡ ಎಂದೆ ನಾನು. "ಸತ್ತವರ ಮೇಲೆ ಋಣ ಇರಬಾರದು ಅತ್ತಿಗೆ" ಎಂದಳು ಅವಳು. ರವಿಕೆ ಹೊಲಿದು, ಸಂಘದಿಂದ ಸಾಲ ಎತ್ತಿ, ಒಂಬತ್ತು ತಿಂಗಳಲ್ಲಿ ತೀರಿಸಿದಳು. ಕೊನೆಯ ಕಂತು ಕೊಟ್ಟ ದಿನ ಅವಳು ಹೇಳಿದ ಮಾತು ಇದು: "ಇಷ್ಟು ದುಡ್ಡು ಕೊಟ್ಟಿದ್ದೀನಲ್ಲ ಅತ್ತಿಗೆ, ಆ ಜಾಗ ಹೇಗಿದೆ ಅಂತ ಒಂದ್ಸಲ ನೋಡ್ಬೇಕಿತ್ತು."

ನಾನು ನೋಡಿದ್ದೇನೆ ಎಂದು ಅವಳಿಗೆ ಅವತ್ತೂ ಹೇಳಲಿಲ್ಲ. ಈ ಪುಸ್ತಕದಲ್ಲಿ ಅವಳು ಓದುತ್ತಾಳೆ.

ಆದ್ದರಿಂದ ನನ್ನ ಕೇಳಿಕೆ ಇಷ್ಟು. ನಿಷೇಧ ಬರುವ ದಿನ ಬರಲಿ, ಆ ದಿನ ನಾನೂ ಸಿಹಿ ಹಂಚುತ್ತೇನೆ. ಅಲ್ಲಿಯವರೆಗೆ ಪರದೆ ತೆಗೆಯಿರಿ. ಬಾರಿನ ಮುಂಭಾಗಕ್ಕೆ ಗಾಜು ಹಾಕಿಸಿ, ಒಳಗೆ ಟ್ಯೂಬ್‌ಲೈಟು ಹಾಕಿಸಿ. ಕುಡಿಯುವುದು ತಪ್ಪಲ್ಲ ಎನ್ನುವವನಿಗೆ ಬೆಳಕಿನಲ್ಲಿ ಕುಡಿಯಲು ನಾಚಿಕೆ ಏಕೆ? ದರಪಟ್ಟಿ ಬಾಗಿಲಿನ ಹೊರಗೆ ಇರಲಿ, ರಸ್ತೆಯಲ್ಲಿ ಹೋಗುವ ನಮಗೂ ಓದಲು ಕಾಣಲಿ. ಮುದ್ರಿಸಿದ ಬಿಲ್ಲು ಕೊಡಲಿ. ಕುಡಿತಕ್ಕೆ ಸಾಲದ ಖಾತೆ ಬರೆಯುವುದು ನಿಲ್ಲಲಿ. ಬರೆದರೆ ಅದನ್ನು ಹೆಂಡತಿಯಿಂದ ವಸೂಲು ಮಾಡಲು ಬರಬಾರದು. ಬಾರು ಮುಚ್ಚಿದ ಮೇಲೆ ಹಳ್ಳಿಗಳಿಗೆ ಒಂದು ಬಸ್ಸು ಹೋಗಲಿ, ಇಲ್ಲವೆ ಕೊನೆಯ ಬಸ್ಸಿಗೆ ಮೊದಲು ಬಾರು ಮುಚ್ಚಲಿ. 40,000 ಕೋಟಿಯಲ್ಲಿ ಸ್ವಲ್ಪ ತೆಗೆದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕುಡಿತ ಬಿಡಿಸುವ ನಾಲ್ಕು ಹಾಸಿಗೆ ಹಾಕಲಿ. ಇನ್ನು ಸ್ವಲ್ಪ ತೆಗೆದು ಲೈಬ್ರರಿಯನ್ನು ರಾತ್ರಿ ಹತ್ತರವರೆಗೆ ತೆರೆದಿಡಲಿ, ಕೇರಂ ಬೋರ್ಡು ಇಡಲಿ, ಬಯಲಿನಲ್ಲಿ ಆಟ ಆಡಿಸಲಿ. ಆರು ಗಂಟೆಗೆ ಎಲ್ಲಿ ನಿಲ್ಲುವುದೆಂದು ಕೇಳುವವನಿಗೆ ಕೂರಲು ಒಂದು ಬೆಂಚು ಇರಲಿ. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಅವನ ಹೆಂಡತಿಗೂ ಜಾಗವಿರಲಿ.

ಅಕ್ಕತಂಗಿಯರೇ, ಇದನ್ನು ಗಂಡಸರು ಕೇಳುವುದಿಲ್ಲ. ಅವರು ಮದುವೆ ಮನೆಯ ಗೋಡೆಯಾಚೆ ಗೊಣಗುತ್ತಾರೆ, ಸಂಜೆ ಮತ್ತೆ ಅಲ್ಲಿಗೇ ಹೋಗುತ್ತಾರೆ. ನಾವು ಗೋಡೆಯ ಈಚೆ ನಕ್ಕು ಸುಮ್ಮನಾಗುತ್ತೇವೆ. ನಮ್ಮ ಹಳ್ಳಿಯ ಮುಂದಿನ ಗ್ರಾಮಸಭೆಗೆ ನಾನೊಂದು ಅರ್ಜಿ ಬರೆದಿದ್ದೇನೆ. ಮೊದಲ ಸಹಿ ತಮ್ಮನ ಹೆಂಡತಿಯದು. ಅರ್ಜಿಯಲ್ಲಿ ಹೆಸರಿನ ಮುಂದೆ ಉದ್ಯೋಗ ಬರೆಯುವ ಜಾಗವಿತ್ತು. ಏನು ಬರೆಯಲಿ ಎಂದು ಕೇಳಿದಳು. 'ಬಾರಿನ ಗಿರಾಕಿ' ಎಂದು ಬರೆ ಎಂದೆ. ಬರೆದಳು.